ಟೋಟಲ್ ಲಾಸ್ ಕಾರು ಮಾರಿದ್ರಿ ಸರಿ, ಆರ್‌ಸಿ ಯಾರ ಹೆಸರಲ್ಲಿದೆ?

ಕೂಡ್ಲಿಗಿ: ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕಾನಹೊಸಹಳ್ಳಿ ದಾಟಿ ಹೊಸಪೇಟೆ ಕಡೆ ಹೋಗೋರು ನೋಡಿರ್ತೀರಿ. ಗ್ಯಾರೇಜ್ ಪಕ್ಕ ಮುಂಭಾಗ ಪೂರ್ತಿ ಜಜ್ಜಿಹೋದ ಕಾರು ಬಿಸಿಲಲ್ಲಿ ನಿಂತಿರುತ್ತೆ. ಸ್ವಲ್ಪ ದಿನ ಬಿಟ್ಟು ಅದೇ ದಾರಿಯಲ್ಲಿ ಬಂದ್ರೆ ಅದು ಅಲ್ಲಿರಲ್ಲ. ನಮ್ಮಂಥ ವರದಿಗಾರರು ಅಪಘಾತದ ಸುದ್ದಿ ಬರೀತೀವಿ. ಎಷ್ಟು ಜನಕ್ಕೆ ಗಾಯ, ಯಾವ ಆಸ್ಪತ್ರೆ, ಯಾವ ಠಾಣೆಯಲ್ಲಿ ಪ್ರಕರಣ ಅಂತೆಲ್ಲ. ಕೊನೆಗೆ ‘ಕಾರು ಸಂಪೂರ್ಣ ಜಖಂಗೊಂಡಿದೆ’ ಅಂತ ಒಂದು ಸಾಲು. ಆ ಕಾರು ಆಮೇಲೆ ಎಲ್ಲಿಗೆ ಹೋಯ್ತು ಅಂತ ಯಾರೂ ಬರೆಯಲ್ಲ. ನಾನೂ ಇವತ್ತಿನವರೆಗೆ ಬರೆದಿರಲಿಲ್ಲ.

ಮೊದಲು ರೊಕ್ಕದ ಲೆಕ್ಕ ನೋಡೋಣ. ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಮೊತ್ತ ಬರೆದಿರುತ್ತೆ. ಅಂದ್ರೆ ಆ ವರ್ಷಕ್ಕೆ ಕಂಪನಿ ಒಪ್ಪಿಕೊಂಡ ಗಾಡಿಯ ಬೆಲೆ. ರಿಪೇರಿ ಖರ್ಚು ಐಡಿವಿಯ ಶೇ 75ನ್ನು ದಾಟಿದ್ರೆ ಗಾಡಿಯನ್ನ ‘ಟೋಟಲ್ ಲಾಸ್’ ಲೆಕ್ಕಕ್ಕೆ ಹಾಕ್ತಾರೆ. ಉದಾಹರಣೆಗೆ ಐಡಿವಿ 4 ಲಕ್ಷ ಇದೆ ಅಂದುಕೊಳ್ಳಿ. ಎಸ್ಟಿಮೇಟ್ 3 ಲಕ್ಷ ದಾಟಿತು ಅಂದ್ರೆ ಮುಗೀತು. ಆಗ ಕಂಪನಿಯವರು ಒಂದೋ ಗಾಡಿಯನ್ನ ತಾವೇ ತಗೊಂಡು ಐಡಿವಿ ಕೊಡ್ತಾರೆ, ಇಲ್ಲಾಂದ್ರೆ ‘ಜಖಂ ಗಾಡಿ ನೀವೇ ಇಟ್ಟುಕೊಳ್ಳಿ, ಅದಕ್ಕೆ 1 ಲಕ್ಷ ಬೆಲೆ ಕಟ್ಟಿದ್ದೀವಿ, ಅದನ್ನ ಕಳೆದು ಉಳಿದದ್ದು ಕೊಡ್ತೀವಿ’ ಅಂತಾರೆ. ಸಾಲ ಇದ್ರೆ ಬಂದ ದುಡ್ಡು ಮೊದಲು ಬ್ಯಾಂಕಿಗೆ ಹೋಗುತ್ತೆ. ಮೂರೂವರೆ ಲಕ್ಷ ಬಾಕಿ ಇದ್ದವನಿಗೆ ಬಂದ 3 ಲಕ್ಷವೂ ಅಲ್ಲೇ ಮುರಿದು, ಮೇಲೆ 50 ಸಾವಿರ ಇವನೇ ಕಟ್ಟಬೇಕು. ಕೈಯಲ್ಲಿ ಉಳಿಯೋದು ಆ ತಗಡಿನ ಮುದ್ದೆ ಒಂದೇ.

ಇಂಥ ಹೊತ್ತಲ್ಲೇ ಫೋನ್ ಬರೋದು. ಗ್ಯಾರೇಜಿನವರ ಕಡೆಯಿಂದ ಇರಬಹುದು, ಹಳೇ ಗಾಡಿ ವ್ಯಾಪಾರದವರ ಕಡೆಯಿಂದ ಇರಬಹುದು. ‘ಅಣ್ಣಾ, ಗಾಡಿ ಎಲ್ಲೈತಿ ಅಲ್ಲಿಂದ್ಲೇ ಎತ್ಕಂಡು ಹೋಗ್ತೀವಿ, ರೊಕ್ಕ ಕೈಗೆ. ಫಾರಂ 29, 30ಕ್ಕೆ ಸೈನ್ ಹಾಕ್ರಿ, ಆರ್‌ಸಿ ಕೊಡ್ರಿ, ಉಳಿದಿದ್ದು ನಾವ್ ನೋಡ್ಕಂತೀವಿ.’ ನೂರು ರೂಪಾಯಿ ಬಾಂಡ್ ಪೇಪರ್ ಮೇಲೆ ಒಂದು ಕರಾರು. ಫಾರಂನಲ್ಲಿ ಖರೀದಿದಾರನ ಹೆಸರಿನ ಜಾಗ ಖಾಲಿ. ಮಾರಿದವನಿಗೆ ದೊಡ್ಡ ಭಾರ ಇಳಿದ ಹಾಗೆ.

ಆದ್ರೆ ಕಾನೂನಿನ ಲೆಕ್ಕ ಬೇರೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮುಂದೆ ಪಂಜಾಬ್–ಹರಿಯಾಣ ಹೈಕೋರ್ಟ್‌ನಿಂದ ಬಂದ ಒಂದು ಪ್ರಕರಣ ಇತ್ತು. 2007ರಲ್ಲಿ ಮಾರಿದ ಕಾರು ಕೈಯಿಂದ ಕೈಗೆ ಹೋಗಿ, 2009ರಲ್ಲಿ ಇನ್ಯಾರದೋ ಬಳಿ ಇದ್ದಾಗ ಅಪಘಾತ ಮಾಡಿತು. ಒಂದು ಜೀವ ಹೋಯಿತು. ನಡುವೆ ಯಾರೂ ಆರ್‌ಸಿ ವರ್ಗಾವಣೆ ಮಾಡಿಸಿರಲಿಲ್ಲ. ‘ನಾನು ಯಾವಾಗಲೋ ಮಾರಿದ್ದೇನೆ’ ಅನ್ನೋ ಮೊದಲ ಮಾಲೀಕನ ಮಾತು ನಡೆಯಲಿಲ್ಲ. ನೊಂದವರು ಗಾಡಿ ಯಾರ್ಯಾರ ಕೈ ದಾಟಿದೆ ಅಂತ ಹುಡುಕಿಕೊಂಡು ತಿರುಗಬೇಕಿಲ್ಲ, ದಾಖಲೆಯಲ್ಲಿ ಹೆಸರಿದ್ದವನೇ ಹೊಣೆ ಅಂತ ಕೋರ್ಟ್ ಹೇಳಿತು.

ಅದು ಮಾಮೂಲಿ ಹಳೇ ಕಾರು. ಟೋಟಲ್ ಲಾಸ್ ಗಾಡಿಯಲ್ಲಿ ಅಪಾಯ ಇನ್ನೂ ಜಾಸ್ತಿ. ಯಾಕಂದ್ರೆ ಟೋಟಲ್ ಲಾಸ್ ದುಡ್ಡು ಕೊಟ್ಟ ಮೇಲೆ ಸಾಮಾನ್ಯವಾಗಿ ಆ ಪಾಲಿಸಿ ಅಲ್ಲಿಗೇ ಮುಗಿಯುತ್ತೆ. ಈಗ ಯೋಚನೆ ಮಾಡಿ. ನೀವು ಮಾರಿದ ಗಾಡಿಯನ್ನ ಯಾರೋ ಎಲ್ಲೋ ತಟ್ಟಿ, ಬೆಸುಗೆ ಹಾಕಿ, ಪೇಂಟ್ ಹೊಡೆದು ರಸ್ತೆಗೆ ಇಳಿಸ್ತಾರೆ. ವಿಮೆ ಮಾಡಿಸಿರಲ್ಲ. ಅದು ಒಬ್ಬ ಬೈಕ್ ಸವಾರನಿಗೆ ಗುದ್ದುತ್ತೆ. ನೋಟಿಸ್ ಬರೋದು ಆರ್‌ಸಿಯಲ್ಲಿರೋ ವಿಳಾಸಕ್ಕೆ, ಅಂದ್ರೆ ಹಡಗಲಿಯಲ್ಲೋ ಕೊಟ್ಟೂರಲ್ಲೋ ಇರೋ ನಿಮ್ಮ ಮನೆಗೆ. ವಿಮೆ ಇದ್ದ ಗಾಡಿಯಾದ್ರೆ ಪರಿಹಾರ ಕಟ್ಟೋಕೆ ಕಂಪನಿ ಇರುತ್ತೆ. ಇಲ್ಲಿ ಹಿಂದೆ ಯಾರೂ ಇಲ್ಲ. ಇರೋ ಎರಡು ಎಕರೆ ಹೊಲವೇ ಗತಿ.

ಇನ್ನೊಂದು ಪ್ರಶ್ನೆ. ಜಜ್ಜಿದ ಗಾಡಿಗೆ ಗುಜರಿ ರೇಟಿಗಿಂತ ಹೆಚ್ಚು ಕೊಡೋಕೆ ಯಾಕೆ ಮುಂದೆ ಬರ್ತಾರೆ? ಎಲ್ಲರೂ ಕಳ್ಳರಲ್ಲ. ಎಂಜಿನ್, ಗೇರ್‌ಬಾಕ್ಸ್, ಬಾಗಿಲು, ಸೀಟಿಗೆ ಬೆಲೆ ಇದ್ದೇ ಇದೆ, ರಿಪೇರಿ ಮಾಡಿ ಲಾಭ ನೋಡೋರೂ ಇದ್ದಾರೆ. ಆದ್ರೆ 2020ರಲ್ಲಿ ಲಖನೌ ಪೊಲೀಸರು ಹಿಡಿದ ಜಾಲದ ಕಥೆ ಬೇರೆ. ಟೋಟಲ್ ಲಾಸ್ ಗಾಡಿ ಖರೀದಿಸಿ, ಅದರ ಚಾಸಿಸ್ ನಂಬರನ್ನ ಕದ್ದ ಗಾಡಿಗೆ ಹಾಕಿ, ಅಸಲಿ ಆರ್‌ಸಿ ತೋರಿಸಿ ಮಾರ್ತಿದ್ರು. ಅವರಿಗೆ ಬೇಕಾಗಿದ್ದು ಕಬ್ಬಿಣ ಅಲ್ಲ, ಕಾಗದ. ಹಾಗಾಗಿ ‘ಗಾಡಿ ಹೆಂಗಿದ್ರೂ ಪರವಾಗಿಲ್ಲ, ಆರ್‌ಸಿ ಕ್ಲಿಯರ್ ಇರಬೇಕು’ ಅಂತ ಯಾರಾದ್ರೂ ಅಂದ್ರೆ ಸ್ವಲ್ಪ ನಿಂತು ಯೋಚಿಸಿ.

ಹಾಗಾದ್ರೆ ಏನು ಮಾಡಬೇಕು? ಗಾಡಿ ಮತ್ತೆ ಓಡೋ ಸ್ಥಿತಿಯಲ್ಲೇ ಇಲ್ಲ ಅಂದ್ರೆ ಕಾಯ್ದೆಯ 55ನೇ ಕಲಂ ಇದೆ. 14 ದಿನದೊಳಗೆ, ಅಥವಾ ಆದಷ್ಟು ಬೇಗ, ನಿಮ್ಮ ವ್ಯಾಪ್ತಿಯ ಆರ್‌ಟಿಒಗೆ ಬರೆದು ಕೊಟ್ಟು ಆರ್‌ಸಿ ಒಪ್ಪಿಸಿದ್ರೆ ನೋಂದಣಿ ರದ್ದಾಗುತ್ತೆ. ಹರಪನಹಳ್ಳಿಯವರಿಗೆ ಇಲ್ಲೊಂದು ಗೊಂದಲ ಇದ್ದೇ ಇರುತ್ತೆ. 2018ರವರೆಗೆ ತಾಲ್ಲೂಕು ದಾವಣಗೆರೆ ಜಿಲ್ಲೆಯಲ್ಲಿತ್ತು, ಆಮೇಲೆ ಬಳ್ಳಾರಿ, 2021ರಿಂದ ವಿಜಯನಗರ. ಜಿಲ್ಲೆ ಬದಲಾದ ಹಾಗೆ ನಂಬರ್ ಪ್ಲೇಟ್ ಬದಲಾಗಲ್ಲ, ಹಳೇ ಗಾಡಿಗಳು ಇನ್ನೂ ಕೆಎ-17ರಲ್ಲೇ ಇವೆ. ಅದಕ್ಕೆ ಹೆದರಬೇಕಿಲ್ಲ. ಗಾಡಿ ಬೇರೆ ಕಡೆ ನೋಂದಣಿ ಆಗಿದ್ರೂ ಈಗಿನ ವಿಳಾಸದ ಕಚೇರಿಗೆ ಕೊಡಬಹುದು. ಅವರೇ ಮೂಲ ಕಚೇರಿಗೆ ಕಳಿಸಬೇಕು ಅಂತ ಅದೇ ಕಲಂನಲ್ಲಿದೆ. ಸ್ವೀಕೃತಿ ಮಾತ್ರ ಬಿಡಬೇಡಿ.

ರಿಪೇರಿ ಆಗೋ ಗಾಡಿ ಮಾರೋದಾದ್ರೆ ಬ್ಯಾಂಕ್ ಎನ್‌ಒಸಿ, ಫಾರಂ 35 ಮೊದಲು. ಆಮೇಲೆ ಖರೀದಿದಾರನ ಹೆಸರು, ವಿಳಾಸ ತುಂಬಿದ ಫಾರಂಗೇ ಸಹಿ. ಅದೇ ರಾಜ್ಯದೊಳಗಾದ್ರೆ ಮಾರಿದವನು 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಖರೀದಿದಾರ ಮಾಡಿಸಲಿ ಅಂತ ಕಾಯಬಾರದು. ಡೀಲರ್‌ಗೆ ಕೊಡೋದಾದ್ರೆ 2023ರ ಏಪ್ರಿಲ್ 1ರಿಂದ ಹೊಸ ನಿಯಮ ಬಂದಿದೆ. ನೋಂದಾಯಿತ ಡೀಲರ್ ಆಗಿದ್ರೆ ಫಾರಂ 29ಸಿ ಮೂಲಕ ಗಾಡಿ ಅವನ ವಶಕ್ಕೆ ಹೋದದ್ದು ದಾಖಲಾಗುತ್ತೆ, ಅಲ್ಲಿಂದ ಹೊಣೆ ಅವನದು. ‘ನಿಮ್ಮ ಹತ್ರ ಆ ಅನುಮತಿ ಐತೇನ್ರಿ’ ಅಂತ ಕೇಳೋದ್ರಲ್ಲಿ ತಪ್ಪೇನಿಲ್ಲ.

ಕ್ಲೇಮ್ ಹೊತ್ತಲ್ಲೇ ‘ಗಾಡಿ ನೀವೇ ತಗೊಳ್ಳಿ, ಐಡಿವಿ ಕೊಡಿ’ ಅಂತ ಲಿಖಿತವಾಗಿ ಕೇಳಿ ನೋಡೋದು ಇನ್ನೂ ಒಳ್ಳೇದು. ಕಂಪನಿ ಕಟ್ಟಿದ ಬೆಲೆಗೆ ಕೊಳ್ಳೋರು ನಿಜವಾಗ್ಲೂ ಇದ್ರೆ, ಆ ಖರೀದಿದಾರನನ್ನ ಕಂಪನಿಯೇ ತೋರಿಸಲಿ. ತಕರಾರು ಬಗೆಹರಿಯದಿದ್ರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ಇನ್ನು ನಮ್ಮ ಊರುಗಳಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಹುಡುಕ್ತಿರೋ ಹುಡುಗರಿಗೆ ಒಂದು ಮಾತು. ಅಮೆರಿಕದಲ್ಲಿ ಹೀಗೆ ರೈಟ್ ಆಫ್ ಆದ ಗಾಡಿಯ ಮಾಲೀಕತ್ವದ ಪತ್ರದಲ್ಲೇ ‘ಸಾಲ್ವೇಜ್’ ಅಂತ ಗುರುತು ಬೀಳುತ್ತೆ. ನಮ್ಮ ಆರ್‌ಸಿಯಲ್ಲಿ ಅಂಥದ್ದೇನೂ ಇಲ್ಲ. ಅದಕ್ಕೆ ಮಾರೋನ ಹೆಸರಲ್ಲಿರೋ ಹಿಂದಿನ ಪಾಲಿಸಿಗಳನ್ನ ಕೇಳಿ. ಐದು ವರ್ಷ ಒಬ್ಬನೇ ಓಡಿಸಿದ ಗಾಡಿಗೆ ನೋ ಕ್ಲೇಮ್ ಬೋನಸ್ ಸೊನ್ನೆ ಇದ್ರೆ, ಅಥವಾ ನಡುವೆ ಕೆಲವು ತಿಂಗಳು ವಿಮೆಯೇ ಇಲ್ಲದಿದ್ರೆ, ಆ ದಿನಗಳಲ್ಲಿ ಗಾಡಿ ಎಲ್ಲಿತ್ತು ಅಂತ ಕೇಳಿ. ಬಾನೆಟ್ ಎತ್ತಿ, ಚಾಸಿಸ್ ನಂಬರನ್ನ ಆರ್‌ಸಿ ಜೊತೆ ಹೋಲಿಸಿ. ಅದರ ಸುತ್ತ ಉಜ್ಜಿದ, ಬೆಸುಗೆ ಹಾಕಿದ ಗುರುತು ಕಂಡ್ರೆ ಅಡ್ವಾನ್ಸ್ ಜೇಬಲ್ಲೇ ಇರಲಿ.