ಹದಿನಾರು ಠಾಣೆಗಳ ಕರ್ಫ್ಯೂ, ನಾಲ್ಕು ತಾಲ್ಲೂಕುಗಳ ಹುಡುಗರು

2016ರ ಸೆಪ್ಟೆಂಬರ್ 12ರಂದು, ಕಾವೇರಿ ಗಲಾಟೆಯ ದಿನ, ಬೆಂಗಳೂರಿನ 16 ಪೊಲೀಸ್ ಠಾಣೆಗಳ ಸರಹದ್ದಿನಲ್ಲಿ ಕರ್ಫ್ಯೂ ಹಾಕಿದರು. ರಾಜಗೋಪಾಲನಗರ, ಪೀಣ್ಯ, ಕಾಮಾಕ್ಷಿಪಾಳ್ಯ, ನಂದಿನಿ ಲೇಔಟ್, ಆರ್‌ಎಂಸಿ ಯಾರ್ಡ್, ಮಾಗಡಿ ರಸ್ತೆ, ಕೆಂಗೇರಿ ಹೀಗೆ ಸಾಗುವ ಆ ಪಟ್ಟಿ ನಗರದ ಪಶ್ಚಿಮ ಮಗ್ಗುಲನ್ನೇ ಗೆರೆ ಎಳೆದು ತೋರಿಸುತ್ತದೆ. ಅದರಲ್ಲಿ ಸದಾಶಿವನಗರ ಇರಲಿಲ್ಲ, ಇಂದಿರಾನಗರ ಇರಲಿಲ್ಲ.

ಪಟ್ಟಿಯ ಹೆಸರುಗಳಲ್ಲಿ ಅರ್ಧದಷ್ಟು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮನೆಮನೆಗೂ ಗೊತ್ತು. ಮಧುಗಿರಿಯಲ್ಲಿ ಬಸ್ಸು ಹತ್ತಿದ ಹುಡುಗ ಕೊರಟಗೆರೆ, ದಾಬಸ್‌ಪೇಟೆ ದಾಟಿ ಎಂಟನೇ ಮೈಲಿಯಲ್ಲೋ ಜಾಲಹಳ್ಳಿ ಕ್ರಾಸಿನಲ್ಲೋ ಇಳಿಯುತ್ತಾನೆ. ಲಗ್ಗೆರೆಯಲ್ಲೋ ಹೆಗ್ಗನಹಳ್ಳಿಯಲ್ಲೋ ಊರಿನವರೇ ಹಿಡಿದಿರುವ ಶೀಟು ಮನೆ ಇರುತ್ತದೆ. ಒಂದೇ ರೂಮು, ನಾಲ್ಕೈದು ಜನ. ಹಗಲು ಪಾಳಿಯವನು ಎದ್ದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಮಲಗುತ್ತಾನೆ. ಕೆಲಸ ಪೀಣ್ಯದ ಯಾವುದೋ ಶೆಡ್ಡಿನಲ್ಲಿ, ಕಾಂಟ್ರ್ಯಾಕ್ಟರ್ ಹೆಸರಲ್ಲಿ. ಅವನ ಕೈಗೆ ನೇಮಕಾತಿ ಪತ್ರ ಸಿಗುವುದು ಅಪರೂಪ. ಪಿ.ಎಫ್ ಕಟ್ಟಿದ್ದಾರೋ ಇಲ್ಲವೋ ಎನ್ನುವುದು ತಿಳಿಯುವುದು ಕೆಲಸ ಬಿಟ್ಟ ಮೇಲೆ.

ಇಂಥ ಹುಡುಗರ ಬಗ್ಗೆ ಸರ್ಕಾರಕ್ಕೆ ಆಸಕ್ತಿ ಹುಟ್ಟುವುದು ಗಲಭೆಯಾದ ದಿನ ಮಾತ್ರ. ಅಂದು ವಿಧಾನಸೌಧದಿಂದ ಬರುವ ಹೇಳಿಕೆ ಪ್ರತಿಸಲವೂ ಒಂದೇ: ಇದು ಕಿಡಿಗೇಡಿಗಳ ಕೃತ್ಯ, ಯಾರನ್ನೂ ಬಿಡುವುದಿಲ್ಲ. ತಪ್ಪು ಮಾಡಿದವರನ್ನು ಬಿಡಬಾರದು, ಸರಿಯೇ. ಆದರೆ ಈ ಹೇಳಿಕೆಯ ಮರೆಯಲ್ಲಿ ಪ್ರತಿಸಲವೂ ನುಣುಚಿಕೊಳ್ಳುವುದು ಸರ್ಕಾರವೇ.

ಅಂದಿನ ಕಾವೇರಿ ಗಲಾಟೆಯನ್ನೇ ನೋಡಿ. ತಮಿಳುನಾಡಿಗೆ ದಿನಕ್ಕೆ 15,000 ಕ್ಯುಸೆಕ್ ನೀರು ಬಿಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಸೆಪ್ಟೆಂಬರ್ 5ರಂದು. 9ರಂದು ಕರ್ನಾಟಕ ಬಂದ್ ನಡೆಯಿತು. 12ರಂದು ಕೋರ್ಟ್ ಅದನ್ನು 12,000ಕ್ಕೆ ಇಳಿಸಿ, 20ರವರೆಗೆ ಬಿಡಬೇಕೆಂದಿತು. ತಮಿಳುನಾಡಿನಲ್ಲಿ ಕನ್ನಡಿಗರಿಗೆ ಹೊಡೆದ ದೃಶ್ಯಗಳು ಟಿ.ವಿ.ಯಲ್ಲೂ ಮೊಬೈಲಿನಲ್ಲೂ ತಿರುತಿರುಗಿ ಬರುತ್ತಿದ್ದವು. ಒಂದು ವಾರದ ಮುನ್ಸೂಚನೆ ಇದ್ದ ಗಲಭೆ ಅದು. ಆದರೂ ಡಿಸೋಜಾ ನಗರದ ಡಿಪೋದಲ್ಲಿ ಕೆಪಿಎನ್ ಟ್ರಾವೆಲ್ಸಿನ ಸುಮಾರು ನಲವತ್ತು ಬಸ್ಸುಗಳು ಸಾಲಾಗಿ ಉರಿದವು. ಹೆಗ್ಗನಹಳ್ಳಿಯಲ್ಲಿ 25 ವರ್ಷದ ಯುವಕನೊಬ್ಬ ಪೊಲೀಸರ ಗುಂಡಿಗೆ ಸತ್ತ. ಬಸ್ಸು ಸುಟ್ಟವರದು ಅಪರಾಧ, ಅದಕ್ಕೆ ಸಬೂಬು ಬೇಡ. ಆ ಬಸ್ಸುಗಳನ್ನು ನಂಬಿ ಬದುಕುತ್ತಿದ್ದ ಡ್ರೈವರು, ಕ್ಲೀನರುಗಳೂ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರೇ. ಆದರೆ ವಾರದಿಂದ ಕಾಣುತ್ತಿದ್ದ ಹೊಗೆಗೆ ಉತ್ತರ ಕೊಡಬೇಕಾದವರು ಯಾರು?

ಅಂದು ಗೃಹ ಸಚಿವರಾಗಿದ್ದವರು ಜಿ. ಪರಮೇಶ್ವರ. ಅವರ ರಾಜಕೀಯ ನೆಲೆ ಕೊರಟಗೆರೆ. ಕಾನೂನು ಸಚಿವರಾಗಿದ್ದವರು ಟಿ.ಬಿ. ಜಯಚಂದ್ರ, ಶಿರಾ ಶಾಸಕರು. ಎರಡು ವರ್ಷ ಕಳೆದ ಮೇಲೆ ಕಾರ್ಮಿಕ ಖಾತೆ ಸಿಕ್ಕಿದ್ದು ಪಾವಗಡದ ವೆಂಕಟರಮಣಪ್ಪನವರಿಗೆ. ಗೃಹ, ಕಾನೂನು, ಕಾರ್ಮಿಕ ಈ ಮೂರೂ ಖಾತೆಗಳನ್ನು ಒಂದಲ್ಲ ಒಂದು ಕಾಲಕ್ಕೆ ಕಂಡ ಸೀಮೆಯ ಹುಡುಗರು ಪೀಣ್ಯದಲ್ಲಿ ಹೇಳುವವರು ಕೇಳುವವರಿಲ್ಲದೆ ದುಡಿಯುತ್ತಿದ್ದಾರೆ ಎಂದರೆ, ಹಿಂದುಳಿದ ಪ್ರದೇಶಕ್ಕೆ ಪ್ರಾತಿನಿಧ್ಯ ಸಿಕ್ಕಿಲ್ಲ ಎಂಬ ಹಳೇ ಸಬೂಬು ಇಲ್ಲಿ ನಡೆಯುವುದಿಲ್ಲ.

ಅದೇ ವರ್ಷದ ಏಪ್ರಿಲ್‌ನಲ್ಲಿ ಬೆಂಗಳೂರು ಇನ್ನೊಂದು ಪಾಠ ಕಲಿಯಬಹುದಿತ್ತು. ಮಾಲೀಕರು ಕಟ್ಟಿದ ಪಿ.ಎಫ್ ಪಾಲನ್ನು 58 ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲ ಎಂದು ಕೇಂದ್ರ ಫೆಬ್ರುವರಿ 10ರಂದು ಅಧಿಸೂಚನೆ ಹೊರಡಿಸಿತ್ತು. ಮಗಳ ಮದುವೆ, ಆಸ್ಪತ್ರೆ, ಊರಿನ ಸಾಲ ಎಲ್ಲಕ್ಕೂ ಅದೇ ದುಡ್ಡನ್ನು ನೆಚ್ಚಿದ್ದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಏಪ್ರಿಲ್ 18, 19ರಂದು ಬೀದಿಗಿಳಿದರು. ಹೊಸೂರು ರಸ್ತೆ ನಿಂತಿತು, ಮಾರನೇ ದಿನ ತುಮಕೂರು ರಸ್ತೆಯೂ ನಿಂತಿತು. ಲಾಠಿ ಬಿತ್ತು, ಕಲ್ಲು ಬಿತ್ತು, ವಾಹನಗಳು ಉರಿದವು. 19ರ ಸಂಜೆಗೆ ಅಧಿಸೂಚನೆ ರದ್ದಾಯಿತು. ಎರಡು ತಿಂಗಳು ಯಾರ ಕಿವಿಗೂ ಬೀಳದ ಮಾತು ಎರಡೇ ದಿನದಲ್ಲಿ ದೆಹಲಿ ತಲುಪಿತು. ಕಲ್ಲು ಎಸೆದರೆ ಕೆಲಸವಾಗುತ್ತದೆ ಎಂದು ಕಲಿಸಿದವರು ಯಾರು ಎಂದು ಬೇರೆ ಹೇಳಬೇಕಿಲ್ಲ.

ಕೋಲಾರದ ನರಸಾಪುರದಲ್ಲಿ ಇನ್ನೂ ಕೆಟ್ಟದಾಯಿತು. 2020ರ ಡಿಸೆಂಬರ್ 12ರಂದು ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯ ಗಾಜುಗಳನ್ನು ಕಾರ್ಮಿಕರು ಪುಡಿಗುಟ್ಟಿದಾಗ ಮೊದಲು ಬಂದಿದ್ದು ಹೂಡಿಕೆದಾರರು ಏನೆಂದುಕೊಂಡಾರು ಎಂಬ ಚಿಂತೆ. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಆಮೇಲೆ ಕಾರ್ಖಾನೆಗಳ ಇಲಾಖೆ ಹೋಗಿ ನೋಡಿದರೆ, 5,000 ಜನಕ್ಕೆ ಅನುಮತಿ ಪಡೆದ ಕಡೆ ಕೆಲವೇ ತಿಂಗಳಲ್ಲಿ 10,500 ಜನ ತುಂಬಿದ್ದರು. ಹಾಜರಿ ಲೆಕ್ಕ ಕೆಟ್ಟಿತ್ತು, ಸಂಬಳ ಸರಿಯಾಗಿ ಬಂದಿರಲಿಲ್ಲ. ಕಂಪನಿಯೇ ತಪ್ಪೊಪ್ಪಿ ಉಪಾಧ್ಯಕ್ಷರನ್ನು ಕಿತ್ತುಹಾಕಿತು. ಆ ತಪಾಸಣೆ ಒಂದು ತಿಂಗಳು ಮುಂಚೆ ನಡೆದಿದ್ದರೆ ಬಂಧನಕ್ಕೂ ಕೆಲಸವಿರುತ್ತಿರಲಿಲ್ಲ.

‘ಕೆಲಸವಿಲ್ಲದವರೆಲ್ಲ ಕಲ್ಲು ಹೊಡೆಯುತ್ತಾರೆಯೇ? ಇವರನ್ನು ದುಡ್ಡು ಕೊಟ್ಟು ಕರೆತರುತ್ತಾರೆ’ ಎನ್ನುವವರಿದ್ದಾರೆ. ಇರಬಹುದು. ಕೆಪಿಎನ್ ಪ್ರಕರಣದಲ್ಲೇ ನೂರು ರೂಪಾಯಿ ಮತ್ತು ಬಿರಿಯಾನಿಗಾಗಿ ಬೆಂಕಿ ಇಟ್ಟಳು ಎಂಬ ಆರೋಪ ಕೂಲಿ ಮಾಡುವ ಯುವತಿಯೊಬ್ಬಳ ಮೇಲೆ ಬಂದಿತ್ತು, ನಗರ ಅದನ್ನು ಜೋಕು ಮಾಡಿಕೊಂಡು ನಕ್ಕಿತ್ತು. ಆರೋಪ ನಿಜವೆಂದೇ ಇಟ್ಟುಕೊಳ್ಳೋಣ. ಜೈಲಿಗೆ ಹೋಗುವ ಕೆಲಸಕ್ಕೆ ನೂರು ರೂಪಾಯಿ ಕೂಲಿ ಸಾಕಾಗುವ ಸ್ಥಿತಿ ಯಾರ ಆಡಳಿತದ ಫಲ?

ಬೇರು ಇರುವುದು ಊರಿನಲ್ಲಿ. 2002ರ ನಂಜುಂಡಪ್ಪ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಮಧುಗಿರಿ, ಶಿರಾ, ಪಾವಗಡ ಅದರ ‘ಅತ್ಯಂತ ಹಿಂದುಳಿದ’ ಪಟ್ಟಿಯಲ್ಲಿವೆ. 2007-08ರಲ್ಲಿ ಮಂಜೂರಾದ ತುಮಕೂರು–ರಾಯದುರ್ಗ ರೈಲು ಮಾರ್ಗಕ್ಕೆ ಕಾಯುತ್ತ ಒಂದು ತಲೆಮಾರು ಎಸ್ಸೆಸ್ಸೆಲ್ಸಿ ಮುಗಿಸಿ ಊರು ಬಿಟ್ಟಿತು. ಪಾವಗಡದ ಹೆಸರು ರಾಜ್ಯದ ಮುಖಪುಟಕ್ಕೆ ಬಂದಿದ್ದು 2005ರಲ್ಲಿ, ವೆಂಕಟಮ್ಮನಹಳ್ಳಿಯ ಕೆಎಸ್‌ಆರ್‌ಪಿ ಶಿಬಿರದ ಮೇಲೆ ನಕ್ಸಲರು ದಾಳಿ ಮಾಡಿ ಪೊಲೀಸರನ್ನು ಕೊಂದಾಗ. ಆಮೇಲೆ ಬಂದಿದ್ದು 2018ರಲ್ಲಿ, ಸೋಲಾರ್ ಪಾರ್ಕಿನಿಂದ. ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಣ ಶುರುವಾಯಿತು. ಜಮೀನಿಲ್ಲದವರಿಗೆ ಕೂಲಿಯೂ ಹೋಯಿತು. ತಿರುಮಣಿ ಸುತ್ತಿನ ಹುಡುಗರಿಗೆ ಉಳಿದದ್ದು ಫಲಕ ತೊಳೆಯುವುದು, ಹುಲ್ಲು ಕೀಳುವುದು, ಗೇಟು ಕಾಯುವುದು. ಅದೂ ಏಜೆನ್ಸಿ ಮೂಲಕ.

ಯುವನಿಧಿ ಇದೆಯಲ್ಲ ಎನ್ನಬಹುದು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮಾಡಿದವರಿಗೆ 1,500. ಐಟಿಐ ಓದಿದವನಿಗೆ ಏನೂ ಇಲ್ಲ. ಎಸ್ಸೆಸ್ಸೆಲ್ಸಿ ಫೇಲಾದವನು ಲೆಕ್ಕದಲ್ಲೇ ಇಲ್ಲ. 2025ರ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಮಕ್ಕಳಲ್ಲಿ ಹೆಚ್ಚೂಕಡಿಮೆ ಮೂರರಲ್ಲೊಬ್ಬರು ಪಾಸಾಗಲಿಲ್ಲ. ಈ ನಾಲ್ಕು ತಾಲ್ಲೂಕುಗಳು ಸೇರಿಯೇ ಮಧುಗಿರಿ ಶೈಕ್ಷಣಿಕ ಜಿಲ್ಲೆ ಆಗಿರುವುದರಿಂದ, ಇಲ್ಲಿ ಫೇಲಾದವರ ಹೆಸರು, ವಿಳಾಸ ಎಲ್ಲವೂ ಮಧುಗಿರಿಯ ಡಿಡಿಪಿಐ ಕಚೇರಿಗೆ ಸಿಗುತ್ತದೆ. ಆ ಪಟ್ಟಿ ಹಿಡಿದು ಆರು ತಿಂಗಳ ನಂತರ ಮನೆ ಬಾಗಿಲು ತಟ್ಟಿ, ಹುಡುಗ ಎಲ್ಲಿದ್ದಾನೆ, ಯಾವ ಕಾಂಟ್ರ್ಯಾಕ್ಟರ್ ಕೈಯಲ್ಲಿದ್ದಾನೆ, ಪಿ.ಎಫ್ ಸಂಖ್ಯೆ ಬಂದಿದೆಯೇ ಎಂದು ಕೇಳಲು ಹೊಸ ಕಾಯ್ದೆ ಬೇಕಾಗಿಲ್ಲ. ಕಾರ್ಮಿಕ ಇಲಾಖೆ ಪೀಣ್ಯದ ಶೆಡ್ಡುಗಳಲ್ಲಿ ಇದೇ ಕೆಲಸವನ್ನು ಇನ್ನೊಂದು ತುದಿಯಿಂದ ಮಾಡಬಹುದು. 2023ರ ಮೇ ತಿಂಗಳಲ್ಲಿ ಕೊರಟಗೆರೆಯ ಶಾಸಕರಾದ ಪರಮೇಶ್ವರ ಅವರಿಗೆ ಮತ್ತೆ ಗೃಹ ಖಾತೆ ಬಂತು. 2016ರ ಕರ್ಫ್ಯೂ ಪಟ್ಟಿ ಅವರ ಇಲಾಖೆಯಲ್ಲೇ ಇದೆ. ಫೇಲಾದವರ ಪಟ್ಟಿಯನ್ನೂ ಒಮ್ಮೆ ತರಿಸಿಕೊಳ್ಳಲಿ.