ಮನೆಯ ಮುಂದಿನ ಬೀದಿ ಯಾರ ಸ್ವತ್ತು?

ನಿವೇಶನದ ಕ್ರಯಪತ್ರದಲ್ಲಿ ಚೆಕ್ಕುಬಂದಿ ಎಂಬುದೊಂದು ಇರುತ್ತದೆ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಖಾಲಿ ಜಾಗ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ರಸ್ತೆ. ರಸ್ತೆ ಎಂದು ಬರೆದ ಕಡೆಗೆ ನಮ್ಮ ಸ್ವತ್ತು ಮುಗಿಯಿತೆಂದೇ ಅರ್ಥ. ಆದರೆ ತುಮಕೂರಿನ ಸೋಮೇಶ್ವರಪುರದಲ್ಲಾಗಲಿ, ಅಶೋಕನಗರದಲ್ಲಾಗಲಿ, ಚಿಕ್ಕಪೇಟೆಯ ಹಳೆಯ ಬೀದಿಗಳಲ್ಲಾಗಲಿ ದೀಪ ಹಚ್ಚಿದ ಮೇಲೆ ಒಂದು ಸುತ್ತು ಬಂದರೆ, ಈ ಅರ್ಥ ನಮ್ಮಲ್ಲಿ ಬಹುಮಂದಿಗೆ ಆಗಿಲ್ಲವೆಂಬುದು ಗೊತ್ತಾಗುತ್ತದೆ.

ಕಾರು ಬೀದಿಯಲ್ಲಿ ನಿಂತಿರುವುದು ಒಂದು ಮಾತು. ಕಾರು ಇಲ್ಲದ ಹೊತ್ತಿನಲ್ಲೂ ಆ ಜಾಗ ಕಾಯಲೆಂದು ಹೂಕುಂಡ, ಮುರುಕು ಕುರ್ಚಿ, ದಪ್ಪ ಕಲ್ಲು ಇಟ್ಟಿರುವುದು ಇನ್ನೊಂದು ಮಾತು. ಮೊದಲನೆಯದು ಅನಿವಾರ್ಯವಿದ್ದೀತು; ಎರಡನೆಯದು ಒತ್ತುವರಿ. ಕೆರೆಯಂಗಳ ಒತ್ತಿದವನ ಸುದ್ದಿ ಓದಿ ಛೀಮಾರಿ ಹಾಕುವ ಸಭ್ಯ ಗೃಹಸ್ಥರೇ, ತಮ್ಮ ಗೇಟಿನ ಮುಂದೆ ಹತ್ತಡಿಗೆ ಹನ್ನೆರಡಡಿ ಸಾರ್ವಜನಿಕ ನೆಲವನ್ನು ಒತ್ತಿಕೊಂಡು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾರೆ. ಬಾಗಿಲು ತೆರೆಯುವ ಎಡೆಯನ್ನೂ ಸೇರಿಸಿದರೆ ಒಂದು ಕಾರು ಹಿಡಿಯುವ ಜಾಗ ಹೆಚ್ಚು ಕಡಿಮೆ ಅಷ್ಟೇ. ಬಡ ಸಂಸಾರವೊಂದು ಬಾಡಿಗೆ ಕೊಟ್ಟು ಬದುಕುವ ಕೋಣೆಯಷ್ಟು.

ಈ ಬಾಡಿಗೆಯನ್ನು ಕಾರಿನಿಂದಲೂ ಕೇಳಬೇಕು ಎಂಬುದೇ ನನ್ನ ವಾದ. ಬೀದಿ ಬೀದಿಗೂ ನಿವಾಸಿಗಳ ಪಾರ್ಕಿಂಗ್ ಪರವಾನಗಿ ಏರ್ಪಡಲಿ, ಪರವಾನಗಿಗೆ ಶುಲ್ಕವಿರಲಿ, ಶುಲ್ಕ ಕೊಡದವನು ಬೀದಿಯಲ್ಲಿ ರಾತ್ರಿ ಕಾರು ನಿಲ್ಲಿಸಕೂಡದು.

ಬೆಂಗಳೂರಿನಲ್ಲಿ ಈ ಮಾತು ಹೊಸದಲ್ಲ. ನಗರ ಭೂಸಾರಿಗೆ ನಿರ್ದೇಶನಾಲಯ ಸಿದ್ಧಪಡಿಸಿದ ಪಾರ್ಕಿಂಗ್ ನೀತಿಯಲ್ಲಿ, 2021ರಲ್ಲಿ ಜನರ ಕಿವಿಗೆ ಬಿದ್ದಂತೆ, ಮನೆ ಮುಂದಿನ ಬೀದಿಯಲ್ಲಿ ನಿಲ್ಲುವ ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡ ಕಾರಿಗೆ 5,000 ರೂಪಾಯಿ ಶುಲ್ಕವೆಂದಿತ್ತು. ಎಂಥ ಕೂಗೆದ್ದಿತು! ಲಕ್ಷಗಟ್ಟಲೆ ಕೊಟ್ಟು ಕಾರು ತಂದವರು ದಿನಕ್ಕೆ ಮೂರು ರೂಪಾಯಿಗೂ ಕಡಿಮೆ ಬೀಳುವ ಬಾಡಿಗೆಗೆ ಸುಲಿಗೆಯೆಂದು ಹೆಸರಿಟ್ಟರು.

"ನಾವು ರಸ್ತೆ ತೆರಿಗೆ ಕಟ್ಟಿಲ್ಲವೆ?" ಎಂಬುದು ಆಗಲೂ ಈಗಲೂ ಕೇಳಿಬರುವ ಪ್ರಶ್ನೆ. ಕಟ್ಟಿದ್ದೀರಿ, ಸ್ವಾಮಿ. ಅದು 1957ರ ಮೋಟಾರು ವಾಹನ ತೆರಿಗೆ ಕಾನೂನಿನ ಪ್ರಕಾರ ರಾಜ್ಯದ ಬೊಕ್ಕಸಕ್ಕೆ ಸಂದ ಹಣ. ಅದರಿಂದ ವಾಹನ ಇಟ್ಟುಕೊಳ್ಳುವ, ಓಡಿಸುವ ಅಧಿಕಾರ ಬಂದೀತು. ಬೀದಿಯ ಒಂದು ತುಂಡು ಕ್ರಯಕ್ಕೆ ಬರುವುದಿಲ್ಲ. ರೈಲಿನ ಟಿಕೇಟು ಕೊಂಡವನು ನಿಲ್ದಾಣದಲ್ಲಿ ಸಂಸಾರ ಹೂಡಬಹುದೆ?

ಇನ್ನೊಂದು ಹೋಲಿಕೆಯನ್ನೂ ನೋಡಿ. ಬೀದಿ ಬದಿಯಲ್ಲಿ ಸೊಪ್ಪು ಮಾರುವವಳಿಗೆ 2014ರ ಕಾನೂನೊಂದಿದೆ. ಅವಳನ್ನು ಸಮೀಕ್ಷೆಯಲ್ಲಿ ಎಣಿಸಬೇಕು, ಪ್ರಮಾಣಪತ್ರ ಕೊಡಬೇಕು, ವ್ಯಾಪಾರದ ವಲಯ ಗೊತ್ತುಮಾಡಬೇಕು, ಅವಳು ಶುಲ್ಕ ತೆರಬೇಕು. ಹೊಟ್ಟೆಪಾಡಿಗಾಗಿ ನಾಲ್ಕಡಿ ನೆಲದಲ್ಲಿ ಕೂರುವವಳಿಗೆ ಇಷ್ಟೆಲ್ಲ ಶಾಸ್ತ್ರ. ಇಪ್ಪತ್ತು ಗಂಟೆ ಸುಮ್ಮನೆ ನಿಂತಿರುವ ಕಾರಿಗೆ ಒಂದು ಚೀಟಿಯೂ ಬೇಡ. ಇದು ಯಾವ ಊರಿನ ನ್ಯಾಯ?

ಆದರೆ ಪರವಾನಗಿಯೆಂದರೆ ಚೀಟಿ ಹಂಚುವುದಲ್ಲ. ನೂರು ಕಾರು ಹಿಡಿಸುವ ಬೀದಿಗೆ ಇನ್ನೂರು ಚೀಟಿ ಕೊಟ್ಟರೆ ಜಗಳಕ್ಕೆ ಮೊಹರು ಒತ್ತಿದಂತಾದೀತು. ಮೊದಲು ಬೀದಿಯ ಅಗಲ ಅಳೆಯಬೇಕು. ಅಗ್ನಿಶಾಮಕ ಬಂಡಿಯೂ ಆಂಬುಲೆನ್ಸೂ ನಿರಾಯಾಸವಾಗಿ ಹಾಯುವಷ್ಟು ಎಡೆ ಬಿಟ್ಟು, ಕಾಲುದಾರಿಯನ್ನು ಮುಟ್ಟದೆ, ಉಳಿದದ್ದರಲ್ಲಿ ಬಿಳಿಯ ಗೆರೆ ಎಳೆಯಬೇಕು. ಗೆರೆಯಷ್ಟೇ ಚೀಟಿ. ಮನೆಗೆ ಒಂದು, ಎರಡನೆಯ ಕಾರಿಗೆ ಜಾಗ ಉಳಿದರೆ ಮಾತ್ರ, ಅದೂ ಹಲವು ಪಟ್ಟು ದರಕ್ಕೆ. ಬಾಡಿಗೆದಾರನಿಗೂ ಮಾಲೀಕನಷ್ಟೇ ಹಕ್ಕು. ನಕ್ಷೆಯಲ್ಲಿ ವಾಹನಕ್ಕೆಂದು ತೋರಿಸಿದ ಜಾಗವನ್ನು ಮಳಿಗೆ ಮಾಡಿ ಬಾಡಿಗೆ ಎಣಿಸುವವನಿಗೆ ಚೀಟಿಯೇ ಇಲ್ಲ.

ಹಗಲಿನ ಲೆಕ್ಕವೇ ಬೇರೆ. ಗುಬ್ಬಿಯಿಂದ, ಕುಣಿಗಲ್ಲಿನಿಂದ ವೈದ್ಯರನ್ನು ಕಾಣಲು, ಕಚೇರಿ ಕೆಲಸಕ್ಕೆ ಬರುವವರು ಜಿಲ್ಲಾ ಕೇಂದ್ರದಲ್ಲಿ ಅನ್ಯರಾಗಕೂಡದು. ಆದುದರಿಂದ ನಿವಾಸಿಗಳ ಹಕ್ಕು ರಾತ್ರಿಗೆ ಮಾತ್ರ ಇರಲಿ. ಹಗಲು ಎರಡು ಗಂಟೆಗಳ ಮಿತಿಯಲ್ಲಿ ಬಂದವರಿಗೆಲ್ಲ ಜಾಗವಿರಲಿ. ಬಂದ ಹಣ ಪಾಲಿಕೆಯ ಸಮುದ್ರದಲ್ಲಿ ಕರಗದೆ ಅದೇ ಬೀದಿಯ ದೀಪ, ಚರಂಡಿ, ಕಾಲುದಾರಿಗೆ ಸಲ್ಲಲಿ. ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ 2005ರ ತನ್ನ ಗ್ರಂಥದಲ್ಲಿ ಒತ್ತಿ ಹೇಳಿದ್ದು ಇದನ್ನೇ: ಕೊಟ್ಟ ಕಾಸು ಕಣ್ಣೆದುರು ಕೆಲಸವಾಗಿ ಕಂಡರೆ ಜನ ಕೊಡಲು ಒಪ್ಪುತ್ತಾರೆ.

ಅಧಿಕಾರವಿಲ್ಲವೆಂಬ ನೆಪವೂ ಬೇಡ. ವಾಹನ ನಿಲ್ಲುವ ಸ್ಥಳಗಳನ್ನು ಗೊತ್ತುಪಡಿಸುವ ಅಧಿಕಾರ 1988ರ ಮೋಟಾರು ವಾಹನ ಕಾಯಿದೆಯ 117ನೆಯ ಪ್ರಕರಣದಲ್ಲಿಯೇ ಉಂಟು. ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಮಾಡಬೇಕಾದ ಕೆಲಸವದು. 2016ರಲ್ಲಿ ಸ್ಮಾರ್ಟ್ ಸಿಟಿಯೆಂದು ಆಯ್ಕೆಯಾಗಿ, ರಸ್ತೆ ಅಗೆದು ಮತ್ತೆ ಕಟ್ಟಿದ ಊರು ತುಮಕೂರು. ಅಷ್ಟು ಹಣ ಸುರಿದ ಊರಿಗೆ ಒಂದು ಡಬ್ಬಿ ಬಿಳಿ ಬಣ್ಣ ಭಾರವಾದೀತೆ?

ಗುಬ್ಬಿ, ಕುಣಿಗಲ್ಲುಗಳಿಗೆ ಈಗಲೇ ಎಚ್ಚರ ಬೇಕು. ತುಮಕೂರಿನ ರೋಗ ಬಿ.ಎಚ್. ರಸ್ತೆ ಹಿಡಿದು ಗುಬ್ಬಿಗೆ ಹೋಗಲು ಬಹಳ ದಿನ ಬೇಡ. ಗುಬ್ಬಿಯಲ್ಲಿ ಚನ್ನಬಸವೇಶ್ವರಸ್ವಾಮಿಯ ತೇರು ಹೊರಡುವ ದಿನ ಯಾರೂ ದಾರಿಗೆ ಅಡ್ಡವಾಗಿ ಬಂಡಿ ನಿಲ್ಲಿಸಿ "ಇದು ನನ್ನ ಮನೆ ಮುಂದಿನ ಜಾಗ" ಎಂದು ವಾದಿಸುವುದಿಲ್ಲ. ದೇವರ ತೇರಿಗೆ ಬಿಡುವ ದಾರಿಯನ್ನು ನಡುರಾತ್ರಿ ಎದೆನೋವಿನಿಂದ ನರಳುವ ನೆರೆಯವನ ಆಂಬುಲೆನ್ಸಿಗೆ ಬಿಡದವರ ಭಕ್ತಿಗೆ ಏನು ಬೆಲೆ?

ಕುಣಿಗಲ್ಲು ಕುದುರೆ ಫಾರಮ್ಮಿಗೆ ಹೆಸರಾದ ಊರು. ಲಾಯವಿಲ್ಲದೆ ಕುದುರೆ ಕೊಳ್ಳುವವನನ್ನು ಅಲ್ಲಿಯ ಜನ ಹುಚ್ಚನೆಂದಾರು. ಜಪಾನ್ ದೇಶ 1962ರಲ್ಲಿ ಕಾರಿಗೂ ಈ ವಿವೇಕವನ್ನು ಕಾನೂನು ಮಾಡಿತು: ರಸ್ತೆಯಲ್ಲದ ಕಡೆ ನಿಲ್ಲಿಸಲು ಜಾಗವಿದೆಯೆಂದು ತೋರಿಸಿದವನಿಗೇ ಕಾರು. ನಾವು ಅಷ್ಟು ದೂರ ಹೋಗುವುದು ಬೇಡ. ಲಾಯವಿಲ್ಲದೆ ಕುದುರೆ ತಂದವನು ಊರವರ ಬಯಲಿನಲ್ಲಿ ಕಟ್ಟುವುದಾದರೆ ಊರಿಗೆ ಬಾಡಿಗೆ ಕೊಡಲಿ, ಅಷ್ಟೇ ಸಾಕು. ಕಾರಿಲ್ಲದೆ ಕಾಲ್ನಡಿಗೆಯಲ್ಲಿ, ಸೈಕಲ್ಲಿನಲ್ಲಿ, ಬಸ್ಸಿನಲ್ಲಿ ಓಡಾಡುವವರೂ ಈ ಬೀದಿಗಳ ಒಡೆಯರೇ. ಅವರು ಇಷ್ಟು ವರ್ಷ ಬಾಡಿಗೆ ಕೇಳಲಿಲ್ಲವೆಂಬ ಕಾರಣಕ್ಕೆ ಬೀದಿ ನಮ್ಮದಾಗಲಿಲ್ಲ.