ಯಾವ ಪ್ಲೇಟು ಇಳಿಸಬೇಕು, ಯಾವುದು ಬೇಡ

ಮನೆಯಲ್ಲಿರುವ ಗ್ರಾಮಫೋನ್ ಪ್ಲೇಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಬಿಡಬೇಕು ಎನ್ನುವವರಿಗೆ ಗಂಗೂಬಾಯಿ ಹಾನಗಲ್ಲರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1930ರ ದಶಕದಲ್ಲಿ ‘ಗಾಂಧಾರಿ ಹಾನಗಲ್’ ಹೆಸರಿನಲ್ಲಿ ಬಂದ ಅವರ ಎಚ್‌ಎಂವಿ ಪ್ಲೇಟುಗಳಲ್ಲಿ ಇರುವುದು ತೆಳುವಾದ ಏರುದನಿ. ನಾವು ಬಲ್ಲ ಆ ಗಂಡುಗಂಠ ಗಂಟಲ ಚಿಕಿತ್ಸೆಯ ನಂತರದ್ದು. ಮೊದಲಿನ ದನಿ ಉಳಿದದ್ದು ಅರಗಿನ ಪ್ಲೇಟುಗಳಲ್ಲಿ, ಕೈಜಾರಿದರೆ ಚೂರು. ಹಾಕಿದಷ್ಟು ಸಲವೂ ಮುಳ್ಳು ಗೆರೆಯನ್ನು ಸವೆಸುತ್ತದೆ ಬೇರೆ.

ಬೇಡ ಎನ್ನುವವರ ಮಾತೂ ಹಗುರವಲ್ಲ. ಬಿಸಿಲು ತಾಗದಂತೆ ನೆಟ್ಟಗೆ ನಿಲ್ಲಿಸಿಟ್ಟ ವಿನೈಲ್ ಎಲ್‌ಪಿ ಐವತ್ತು ವರ್ಷ ಕಳೆದರೂ ಹಾಡುತ್ತದೆ. ಹಾರ್ಡ್ ಡಿಸ್ಕು ಐದು ವರ್ಷಕ್ಕೇ ಕೈಕೊಡಬಹುದು. ಮೇಲಾಗಿ ಎಚ್‌ಎಂವಿಯ ವಾರಸುದಾರ ಸರೆಗಮ ಎಷ್ಟೋ ಹಳೆಯ ಚಿತ್ರಗೀತೆಗಳನ್ನು ಈಗಾಗಲೇ ಆ್ಯಪ್‌ಗಳಿಗೆ ಹಾಕಿದೆ. ಅದನ್ನೇ ಗೀರು ಬಿದ್ದ ನಮ್ಮ ಪ್ಲೇಟಿನಿಂದ ಮತ್ತೆ ಎತ್ತುವುದೇಕೆ? ಇದರಲ್ಲಿ ಅವಸರವೂ ನಡೆಯದು. ನಲವತ್ತು ನಿಮಿಷದ ಎಲ್‌ಪಿಗೆ ನಲವತ್ತು ನಿಮಿಷವೇ ಬೇಕು. ತೊಳೆಯುವುದು, ಹಾಡು ಬಿಡಿಸುವುದು, ಹೆಸರು ಬರೆಯುವುದು ಬೇರೆ.

ನನಗೆ ಹೆಚ್ಚು ಚಿಂತೆಯಾಗುವುದು ಇಳಿಸುವ ರೀತಿಯ ಬಗ್ಗೆ. ಎಲ್‌ಪಿಯ ಸಣ್ಣ ಮುಳ್ಳನ್ನೇ 78ರ ಅರಗಿನ ಪ್ಲೇಟಿಗೆ ಇಟ್ಟರೆ ಅದು ಅಗಲ ಗೆರೆಯ ತಳದ ಕಸದಲ್ಲಿ ತೆವಳುತ್ತದೆ. 78ಕ್ಕೆ ಅದರ ಮೂರು ನಾಲ್ಕು ಪಟ್ಟು ದಪ್ಪದ ಮುಳ್ಳು ಬೇಕು. 1950ರ ದಶಕದ ನಡುವಿನವರೆಗೆ ಮಂದ್ರವನ್ನು ಎಷ್ಟು ತಗ್ಗಿಸಿ, ತಾರವನ್ನು ಎಷ್ಟು ಏರಿಸಿ ಕೊರೆಯಬೇಕೆಂಬುದಕ್ಕೆ ಕಂಪನಿಗೊಂದು ಲೆಕ್ಕವಿತ್ತು. ಅಗ್ಗದ ಯುಎಸ್‌ಬಿ ಪ್ಲೇಯರುಗಳಿಗೆ ಆ ಭೇದವೆಲ್ಲ ಎಲ್ಲಿ ಗೊತ್ತು, ಎಲ್ಲಕ್ಕೂ ಎಲ್‌ಪಿಯ ಲೆಕ್ಕವನ್ನೇ ಹಚ್ಚುತ್ತವೆ. ಆಮೇಲೆ ಆಡಾಸಿಟಿಯಂಥ ತಂತ್ರಾಂಶದಲ್ಲಿ ಕರಕರ ತೆಗೆಯುವ ಉಮೇದು. ಟಪ್ ಎನ್ನುವ ಗೀರುಸದ್ದನ್ನು ಒಂದೊಂದಾಗಿ ಕೀಳಬಹುದು. ಆದರೆ ಒಂದೇ ಸಮನೆ ಬರುವ ಸದ್ದೆಲ್ಲ ಕಸ ಎಂದು ತಿಳಿಯುವ ತಂತ್ರಾಂಶಕ್ಕೆ ತಂಬೂರಿಯೂ ಕಸವೇ. ಜವಾರಿ ಹೋದ ತಂಬೂರಿಯ ಮೇಲೆ ಖಯಾಲು ಕೇಳುವುದಕ್ಕಿಂತ ಕರಕರವೇ ವಾಸಿ.

ಹಾಗಾಗಿ ನಾನಾದರೆ ಚಿತ್ರಗೀತೆಯ ಇಪಿಗಳನ್ನು ಮುಟ್ಟುವುದಿಲ್ಲ, ಅವನ್ನು ಹಾಕಿ ಕೇಳುತ್ತೇನೆ. ಮೊದಲ ಸರದಿ ನಾಟಕದ ಪ್ಲೇಟುಗಳದು, ಆಮೇಲೆ ಯಾವ ಆ್ಯಪಿನಲ್ಲೂ ಸಿಗದ ಗಾಯಕರದು. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಗಂಟೆಗೆ ಎರಡು ಜಿಬಿಯಷ್ಟು ಜಾಗ ತಿನ್ನುತ್ತದೆ; ಫ್ಲ್ಯಾಕ್ ಮಾಡಿದರೆ ಒಂದಿಷ್ಟೂ ಕೆಡದೆ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಒರೆಸದ ಮೂಲ ಒಂದು, ಕೇಳಲು ಒರೆಸಿದ್ದು ಇನ್ನೊಂದು, ಜೊತೆಗೆ ಲೇಬಲ್ಲಿನ ಫೋಟೊ. ಸ್ವಂತ ಕೇಳ್ಮೆಗೆ ಕಾನೂನಿನ ಅಡ್ಡಿಯಿಲ್ಲ. ಹೊರಗೆ ಹಂಚುವ ಆಸೆಯಿದ್ದರೆ ಪ್ಲೇಟಿನ ವರ್ಷ ನೋಡಿಕೊಳ್ಳಬೇಕು: ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ.